ಹಿಂದಿನ ರಟ್ಟಿನೊಳಗಿದ್ದ ನಾಲ್ಕನೇ ಪುಟ

ದೆವ್ವ ಕಂಡಿತು, ಯಾರೋ ಕರೆದಂತಾಯಿತು ಎಂದು ಬರೆದು ಕಳಿಸುವವರ ಕರಡು ತಿದ್ದುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಕಾಗುಣಿತ ತಿದ್ದುತ್ತಾ ಒಳಗೊಳಗೇ ನಗುತ್ತಿದ್ದೆ. ಬರೆದವರಿಗೆ ಹಿಂದಿನ ರಾತ್ರಿ ಊಟ ಹೆಚ್ಚಾಗಿರಬೇಕು ಎಂದು ಪಕ್ಕದ ಮೇಜಿನವರನ್ನು ನಗಿಸಿದ್ದೂ ಉಂಟು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ಬೇಸರ ಮಾಡಿಕೊಳ್ಳುವ ಹಕ್ಕು ನನಗಿಲ್ಲ.

ನಡೆದದ್ದು ಎರಡು ವರ್ಷದ ಹಿಂದೆ. ಕತ್ತಲೆ ಗಿತ್ತಲೆ ಏನೂ ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆ, ಮೆಟ್ರೋ ತುಂಬ ಜನ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಕರಾವಳಿಯ ಒಂದು ಸಣ್ಣ ಊರಿನ ವಾರಪತ್ರಿಕೆಯಲ್ಲಿ ಕರಡು ತಿದ್ದುವವನಾಗಿದ್ದೆ. ನಾಲ್ಕೇ ಪುಟದ ಪತ್ರಿಕೆ. ಮೀನಿನ ದರ, ಲಾಂಚಿನ ವೇಳೆ, ಯಕ್ಷಗಾನ ಎಲ್ಲಿ, ಯಾರ ಮನೆಯಲ್ಲಿ ಮದುವೆ, ಇಷ್ಟಿದ್ದರೆ ಊರಿಗೆ ಸಾಕು. ಸಂಪಾದಕರು ಒಬ್ಬರು, ಅಚ್ಚಿನ ಮೊಳೆ ಜೋಡಿಸಲು ಬಾಬಣ್ಣ ಒಬ್ಬರು, ತಿದ್ದಲು ನಾನೊಬ್ಬ. ಸಂಪಾದಕರು ತೀರಿಕೊಂಡು, ಪತ್ರಿಕೆಯೂ ನಿಂತು ಎಷ್ಟೋ ವರ್ಷಗಳಾದ ಮೇಲೆ ಅವರ ಮಗಳು ಸುಮತಿಗೆ ಅಪ್ಪನ ಪತ್ರಿಕೆಯ ಇತಿಹಾಸವನ್ನು ಪುಸ್ತಕ ಮಾಡಿಸುವ ಮನಸ್ಸಾಯಿತು. ಅಲ್ಲಿ ದುಡಿದವರಲ್ಲಿ ಬದುಕಿ ಉಳಿದವನು ನಾನೊಬ್ಬನೇ ಆದ್ದರಿಂದ ಬರೆಯುವ ಕೆಲಸ ನನಗೇ ಬಂತು. ಸುಮತಿಯ ಮನೆ ಕೆಂಗೇರಿಯಲ್ಲಿ, ನನ್ನದು ವಿಜಯನಗರದಲ್ಲಿ. ಬೈಂಡು ಹಾಕಿದ ಹಳೆಯ ಸಂಚಿಕೆಗಳನ್ನು ವರ್ಷಕ್ಕೊಂದರಂತೆ ಅವಳ ಮನೆಯಿಂದ ತಂದು, ಓದಿ, ಹಿಂದಿರುಗಿಸುತ್ತಿದ್ದೆ.

ಒಂದು ವರ್ಷದ ಬೈಂಡನ್ನು ಮಾತ್ರ ಏನೇನೋ ನೆಪ ಹೇಳಿ ಮುಂದೂಡುತ್ತಾ ಬಂದಿದ್ದೆ. ಅದಕ್ಕೆ ಕಾರಣ ಹೇಳಬೇಕು.

ನಮ್ಮ ಪತ್ರಿಕೆಯಲ್ಲಿ ಒಂದು ಪದ್ಧತಿಯಿತ್ತು. ಊರಿನಲ್ಲಿ ಯಾರಾದರೂ ದೊಡ್ಡವರು ಇಂದೋ ನಾಳೆಯೋ ಎನ್ನುವಂತಿದ್ದರೆ ಅವರ ನಿಧನವಾರ್ತೆಯನ್ನು ಮೊದಲೇ ಬರೆದು, ಮೊಳೆ ಜೋಡಿಸಿ, ದಾರ ಕಟ್ಟಿ ಒಂದು ಹಲಗೆಯ ಮೇಲೆ ಇಟ್ಟಿರುತ್ತಿದ್ದೆವು. ಕಡೆಗೆ ದಿನಾಂಕವೊಂದನ್ನು ಸೇರಿಸಿದರೆ ಆಯಿತು. ಕೇಳಲು ಕ್ರೂರ ಎನಿಸಬಹುದು, ಆದರೆ ಕೈಯಲ್ಲಿ ಒಂದೊಂದೇ ಅಕ್ಷರ ಜೋಡಿಸುವ ಕಾಲ ಅದು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ್ದ ವೆಂಕಪ್ಪ ಮಾಸ್ತರರು ಆ ವರ್ಷ ಹಾಸಿಗೆ ಹಿಡಿದಿದ್ದರು. ಅವರ ವಾರ್ತೆಯೂ ಸಿದ್ಧವಾಗಿ ಹಲಗೆಯ ಮೇಲಿತ್ತು. ಒಂದು ವಾರ ನಾಲ್ಕನೇ ಪುಟದಲ್ಲಿ ಜಾಗ ಉಳಿದಾಗ ಅದು ಹೇಗೋ ಪುಟಕ್ಕೆ ಸೇರಿತು, ಅಚ್ಚೂ ಆಯಿತು.

ಮಾಸ್ತರರಿಗೆ ಪ್ರತಿ ಶನಿವಾರ ಪತ್ರಿಕೆ ಓದಿ ಹೇಳುತ್ತಿದ್ದವರು ಅವರ ಹೆಂಡತಿ. ಅಂದೂ ಓದುತ್ತಾ ಓದುತ್ತಾ ಎರಡು ಸಾಲು ಹೋದ ಮೇಲೆಯೇ ಅವರಿಗೆ ಗೊತ್ತಾದದ್ದು. ಸೋಮವಾರ ಮಾಸ್ತರರು ತೀರಿಕೊಂಡರು. ಹದಿನಾಲ್ಕನೇ ದಿನ ಆ ತಾಯಿ ಪ್ರೆಸ್ಸಿಗೆ ಬಂದು, ದನಿ ಏರಿಸದೆ, "ಎರಡು ದಿನ ಕಾಯ್ಲಿಕ್ಕೆ ಆಗ್ಲಿಲ್ವಾ ನಿಮಗೆ?" ಎಂದು ಕೇಳಿ ಹೊರಟುಹೋದರು.

ಪುಟದ ಕರಡು ನೋಡಿ ಸಹಿ ಹಾಕಬೇಕಾದವನು ನಾನು. ಕಣ್ತಪ್ಪಿತು ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡೆ, ಏಕೆಂದರೆ ಆ ಕರಡು ನೋಡಿದ ನೆನಪೇ ನನಗಿರಲಿಲ್ಲ. ಅಚ್ಚಾದ ಮೇಲೆ ಕರಡುಗಳು ರದ್ದಿಗೆ ಹೋಗುತ್ತಿದ್ದುದರಿಂದ ತೆಗೆದು ನೋಡುವಂತೆಯೂ ಇರಲಿಲ್ಲ. ಸಂಪಾದಕರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರುತಿಂಗಳೇ ಕೆಲಸ ಬಿಟ್ಟು ಬೆಂಗಳೂರಿಗೆ ಬಂದೆ. ಒಬ್ಬ ಮನುಷ್ಯನನ್ನು ಕೊಂದವನು ಎಂಬ ಭಾವನೆ ನಲವತ್ತು ವರ್ಷ ನನ್ನ ಜೊತೆಗೇ ಇತ್ತು. ಹೆಂಡತಿ ಪದ್ಮಳಿಗೂ ಹೇಳಿರಲಿಲ್ಲ.

ಇತಿಹಾಸ ಬರೆಯಲು ಕೂತ ಮೇಲೆ ಇದನ್ನು ನುಂಗಿಕೊಳ್ಳುವುದು ಸರಿಯಲ್ಲ ಎನಿಸಿತು. "ಆ ತಪ್ಪು ನನ್ನದು" ಎಂದು ಬರೆದೇಬಿಡುವುದೆಂದು ನಿರ್ಧರಿಸಿ ಆ ದಿನ ಸುಮತಿಯ ಮನೆಗೆ ಹೋಗಿ ಆ ವರ್ಷದ ಬೈಂಡನ್ನು ಕೇಳಿ ತಂದೆ. ಹಳೇ ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮೆಟ್ರೋದಲ್ಲಿ ಕೂತಿದ್ದೆ. ಜ್ಞಾನಭಾರತಿಯಲ್ಲಿ ಒಂದಿಷ್ಟು ವಿದ್ಯಾರ್ಥಿಗಳ ಜೊತೆ ಒಬ್ಬ ಹೆಂಗಸು ಹತ್ತಿ ಪಕ್ಕದಲ್ಲಿ ಕೂತಳು. ಐವತ್ತರ ಆಸುಪಾಸು, ಹಸಿರು ಕಾಟನ್ ಸೀರೆ, ಕೈಯಲ್ಲಿ ತರಕಾರಿ ಚೀಲ. ನೋಡಿದ ಮುಖವಲ್ಲ. ನಾಲ್ಕು ನಿಲ್ದಾಣ ಸುಮ್ಮನಿದ್ದಳು. ಅತ್ತಿಗುಪ್ಪೆ ಬರುವಾಗ ಪಂಚೆಯ ಗಂಟನ್ನೇ ನೋಡುತ್ತಾ, ನಮ್ಮ ಆ ಊರಿನ ರಾಗದಲ್ಲೇ, "ಹಿಂದಿನ ರಟ್ಟು ಬಿಚ್ಚಿ ನೋಡಿದ್ರಾ? ನಾಲ್ಕನೇ ಪುಟ ಅದರೊಳಗೆ ಉಂಟು. ನೀವು ಅದನ್ನು ಹೊಡೆದು ಹಾಕಿದ್ರಿ ಮಾರಾಯ್ರೆ" ಎಂದಳು. ಬಾಗಿಲು ತೆರೆಯಿತು, ಇಳಿದು ಹೋದಳು.

ನಾನು ಎದ್ದು ನಿಲ್ಲುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಹಿಂದಕ್ಕೆ ಹೋಗಿ ಹುಡುಕುವಷ್ಟು ಬುದ್ಧಿ ಓಡಲಿಲ್ಲ. ವಿಜಯನಗರದಲ್ಲಿ ಇಳಿದು, ಮಾರ್ಕೆಟ್ಟಿನ ಗಲಾಟೆಯಲ್ಲಿ ಎರಡು ಸಲ ದಾರಿ ತಪ್ಪಿ ಮನೆ ಸೇರಿದೆ. ಪದ್ಮಳಿಗೆ ಅಂದೇ ಮೊದಲ ಬಾರಿ ಎಲ್ಲವನ್ನೂ ಹೇಳಿದೆ. ಅವಳು ಪಂಚೆಯ ಗಂಟು ಬಿಚ್ಚಿ ಬೈಂಡನ್ನು ಮೇಜಿನ ಮೇಲಿಟ್ಟಳು. ಆಮೇಲೆ, "ಅವಳು ಯಾರಾದ್ರೂ ಆಗಿರ್ಲಿ ಬಿಡ್ರೀ. ಬಿಚ್ಚಿ ನೋಡೋಕೇನು ಕಷ್ಟ? ಸುಮತಿಗೆ ಒಂದು ಮಾತು ಕೇಳಿ" ಎಂದಳು. ಸುಮತಿ ಫೋನಿನಲ್ಲಿ, "ಹರಿದ್ರೆ ಹರೀಲಿ, ನೋಡ್ಬಿಡಿ ಅಣ್ಣ" ಎಂದಳು.

ಆ ಕಾಲದಲ್ಲಿ ರಟ್ಟು ದಪ್ಪವಾಗಲೆಂದು ಒಳಗೆ ರದ್ದಿ ಕಾಗದ ಅಂಟಿಸುತ್ತಿದ್ದರು, ಅದು ನನಗೂ ಗೊತ್ತಿದ್ದದ್ದೇ. ಒದ್ದೆ ಬಟ್ಟೆ ಹಾಕಿ ನೆನೆಸಿ, ಪದ್ಮ ಒಂದೊಂದೇ ಪದರ ಬಿಡಿಸಿದಳು. ಒಂದು ಮದುವೆಯ ಕರೆಯೋಲೆ ಬಂತು, ಯಾವುದೋ ಜಾಹೀರಾತು ಬಂತು. ಮೂರನೆಯದು ಆ ವಾರದ ನಾಲ್ಕನೇ ಪುಟದ ಕರಡು. ಮಾಸ್ತರರ ವಾರ್ತೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಡ್ಡ ಎರಡು ಗೀಟು. ಪಕ್ಕದಲ್ಲಿ ನನ್ನದೇ ಅಕ್ಷರ: "ಇವರು ಇನ್ನೂ ಇದ್ದಾರೆ. ತೆಗೆಯಿರಿ." ಕೆಳಗೆ ನನ್ನ ಸಹಿ.

ನಾನು ನೆಲದ ಮೇಲೆ ಕೂತು ಅತ್ತೆ. ಅರವತ್ತು ದಾಟಿದ ಗಂಡಸು ಹಾಗೆ ಅಳಬಾರದು ಎಂದೇನೂ ಅನಿಸಲಿಲ್ಲ. ಎದೆ ಹಗುರಾಯಿತು ಎನ್ನುವ ಮಾತನ್ನು ಎಷ್ಟೋ ಕರಡುಗಳಲ್ಲಿ ಸವಕಲು ಎಂದು ಹೊಡೆದು ಹಾಕಿದ್ದೇನೆ. ಅಂದು ನನಗೆ ಆದದ್ದು ಅದೇ, ಬೇರೆ ಮಾತಿಲ್ಲ. ಆಮೇಲೆ ಎರಡು ತಟ್ಟೆ ಉಪ್ಪಿಟ್ಟು ತಿಂದು, ದೀಪ ಹಚ್ಚುವ ಹೊತ್ತಿಗೇ ಮಲಗಿ ನಿದ್ದೆ ಹೋದೆನಂತೆ.

ತೆಗೆಯಿರಿ ಎಂದು ಬರೆದ ಮೇಲೂ ಅದು ಹೇಗೆ ಅಚ್ಚಾಯಿತೋ ತಿಳಿಯದು. ಪುಟದಿಂದ ಅದನ್ನು ತೆಗೆಯಬೇಕಿದ್ದವರೂ, ಬಿಡುವಿನ ದಿನಗಳಲ್ಲಿ ಬೈಂಡು ಹಾಕುತ್ತಿದ್ದವರೂ ಬಾಬಣ್ಣನೇ. ಕೈಗೆ ಸಿಕ್ಕ ರದ್ದಿ ಎಂದು ಅಂಟಿಸಿದರೋ, ಬೇಕೆಂದೇ ಅಂಟಿಸಿದರೋ, ಅದನ್ನು ಕೇಳಲು ಅವರಿಲ್ಲ. ಅವರಿಗೆ ಮಕ್ಕಳೂ ಇರಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಈ ಭಾರ ಎಂಥದ್ದೆಂದು ನನಗೆ ಗೊತ್ತು. ಹಾಗಾಗಿ ಪುಸ್ತಕದಲ್ಲಿ ಯಾರ ಹೆಸರನ್ನೂ ಹಾಕದೆ, ಕರಡಿನಲ್ಲಿ ತೆಗೆದದ್ದು ಅಚ್ಚಿನಲ್ಲಿ ಉಳಿಯಿತು ಎಂದಷ್ಟೇ ಬರೆದೆ.

ಆ ಹೆಂಗಸು ಯಾರು? ಅಂಟು ಬಿಡದ ರಟ್ಟಿನೊಳಗೆ ಏನಿದೆಯೆಂದು ಅವಳಿಗೆ ಹೇಗೆ ಗೊತ್ತು? ನಾನೇ ತಿದ್ದಿದವನೆಂದು ಯಾರು ಹೇಳಿದರು? ಸುಮತಿಗೆ ಗೊತ್ತಿಲ್ಲ, ಊರಿನಲ್ಲಿ ವಿಚಾರಿಸಿದರೂ ತಿಳಿಯಲಿಲ್ಲ. ಎರಡು ವರ್ಷದಿಂದ ಅದೇ ವೇಳೆಯ ರೈಲಿನಲ್ಲಿ ಎಷ್ಟೋ ಸಲ ಓಡಾಡಿದ್ದೇನೆ, ಮತ್ತೆ ಕಂಡಿಲ್ಲ. ಅವಳು ಅಂದು ಆ ಮಾತು ಹೇಳದಿದ್ದರೆ ನಾನು ಮಾಡದ ತಪ್ಪನ್ನು ಮಾಡಿದೆನೆಂದು ಅಚ್ಚು ಹಾಕಿಸಿ, ಅದನ್ನೇ ನಂಬಿಕೊಂಡು ಸಾಯುತ್ತಿದ್ದೆ.