ದೀಪ ಹಚ್ಚುವ ಹೊತ್ತಿಗೆ ಹಾಕಿದ ಬಾಗಿಲು

ಮುದ್ದೇಬಿಹಾಳದಲ್ಲಿ ನಾವು ಬಾಡಿಗೆಗಿದ್ದ ಮನೆಯ ಅಡುಗೆಕೋಣೆಯ ಬಾಗಿಲನ್ನು ಮಳೆಗಾಲದಲ್ಲಿ ಒದ್ದೇ ತೆಗೆಯಬೇಕಿತ್ತು. ಎರೆ ಭೂಮಿಯ ಮೇಲೆ ಅವಸರಕ್ಕೆ ಕಟ್ಟಿದ ಮನೆ. ಆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಗೋಡೆ ಸೀಳಿ ಚೌಕಟ್ಟು ಓರೆಯಾಗುತ್ತದೆ. ಬಾಡಿಗೆ ಮನೆಯಾದ್ದರಿಂದ ಮಾಲೀಕರನ್ನು ಬೈದುಕೊಂಡು ಒದೆಯುತ್ತಿದ್ದೆ. ಸ್ವಂತದ್ದಾದರೆ ಯಾರನ್ನು ಬೈಯುವುದು?

ಸ್ವಂತ ಮನೆಯ ಮಾತು ಎತ್ತಿದವಳೂ ನಾನೇ, ಹೆದರಿದವಳೂ ನಾನೇ. ನಾನು ಆಸ್ಪತ್ರೆಯಲ್ಲಿ ನರ್ಸು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಗಂಡನ ಫೋಟೊ ಸ್ಟುಡಿಯೊ ಮುಚ್ಚಿತ್ತು. ಮಗಳು, ಮನೆ, ಅಡುಗೆ ಎಲ್ಲ ಅವರದೇ. ರೊಟ್ಟಿಯನ್ನಂತೂ ನನಗಿಂತ ತೆಳ್ಳಗೆ ಬಡಿಯುತ್ತಾರೆ. ಸಂಬಳ ಮಾತ್ರ ನನ್ನದೊಂದೇ. ಬ್ಯಾಂಕಿನವರು ಸಾಲಕ್ಕೆ ಒಪ್ಪಿದಂದಿನಿಂದ ನನಗೊಂದು ಸೀನು ಬಂದರೂ ಎದೆ ಧಸಕ್ಕೆನ್ನುತ್ತಿತ್ತು. ನಾನು ಹಾಸಿಗೆ ಹಿಡಿದರೆ ಕಂತು ಕಟ್ಟುವವರು ಯಾರು? ಡ್ಯೂಟಿಯಲ್ಲಿ ಬೇರೆಯವರ ಬಿಪಿ ನೋಡುತ್ತ ನನ್ನದೇ ಏರುತ್ತಿತ್ತು.

ನಾವು ನೋಡಿದ ಮನೆ ಹೊಸ ಬಡಾವಣೆಯಲ್ಲಿತ್ತು, ಮೊದಲು ಜೋಳ ಬೆಳೆಯುತ್ತಿದ್ದ ಹೊಲ. ಅದನ್ನು ಕಟ್ಟಿಸಿ ವಾಸವಾಗಿದ್ದ ಹಿರಿಯರನ್ನು ನಾನು ಕಾಕಾ ಎನ್ನುತ್ತಿದ್ದೆ. ಅಡಿಪಾಯದ ಬಗ್ಗೆ ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: “ಗರಸು ಹತ್ತೂತನಕ ಅಗಸೇನಿ ತಂಗಿ. ಅಂಜಬ್ಯಾಡ.” ಎರೆಮಣ್ಣು ದಾಟಿ ಗಟ್ಟಿ ಗರಸು ಸಿಗುವವರೆಗೆ ಅಗೆದಿದ್ದರೆ ಮನೆ ಅಲುಗುವುದಿಲ್ಲ, ನಿಜ. ಆದರೆ ಅಗೆದದ್ದನ್ನು ನಾನು ನೋಡಿದ್ದೆನೇ? ಈಗಿರುವುದು ಟೈಲ್ಸ್ ಹಾಕಿದ ನೆಲ, ಹೊಸ ಬಣ್ಣದ ಗೋಡೆ.

ನೋಂದಣಿಗೆ ದಿನ ಗೊತ್ತಾದ ವಾರವೇ ದೊಡ್ಡ ಮಳೆ ಬಿತ್ತು. ಬಾಡಿಗೆ ಮನೆಯ ಬಾಗಿಲು ಎಂದಿನಂತೆ ಸಿಕ್ಕಿಕೊಂಡಿತು. ಒದೆಯಲು ಕಾಲೆತ್ತಿದಾಗ ಹೊಳೆಯಿತು, ಕಾಕಾನ ಮನೆಯಲ್ಲಿ ನಾನು ಒಂದು ಬಾಗಿಲನ್ನೂ ಹಾಕಿ ನೋಡಿರಲಿಲ್ಲ. ಹೋಗಿದ್ದೆಲ್ಲ ಡ್ಯೂಟಿ ಮುಗಿಸಿ, ದೀಪ ಹಚ್ಚುವ ಹೊತ್ತಿಗೆ. ಲಕ್ಷ್ಮಿ ಮನೆಗೆ ಬರುವ ಆ ಹೊತ್ತಿನಲ್ಲಿ ನಮ್ಮ ಕಡೆ ಯಾರೂ ಬಾಗಿಲು ಹಾಕುವುದಿಲ್ಲ. ಕಾಕಾನ ಹೆಂಡತಿ ಕಾಕಿ ಇದ್ದಬದ್ದ ಬಾಗಿಲೆಲ್ಲ ತೆರೆದಿಟ್ಟು ಚಹಾ ಕೊಡುತ್ತಿದ್ದರು. ನಾನೋ ಹುಚ್ಚಖೋಡಿ, ಗಾಳಿ ಬೆಳಕು ಚೆನ್ನಾಗಿದೆ ಎಂದು ಮೆಚ್ಚಿಕೊಂಡು ಬರುತ್ತಿದ್ದೆ.

ಆ ಸಂಜೆಯೇ ಗಂಡನನ್ನು ಹೊರಡಿಸಿದೆ. ಚಪ್ಪಲಿಗೆ ಮೆತ್ತಿದ ಎರೆಮಣ್ಣನ್ನು ಕಾಕಾನ ಮೆಟ್ಟಿಲಿಗೆ ಒರೆಸಿ ಒಳಗೆ ಹೋದರೆ, ಕಾಕಿ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ನಾನು ತಿರುಗಿ ಮುಂಬಾಗಿಲಿಗೆ ಕೈ ಹಚ್ಚಿದೆ.

“ಏನ ಮಾಡಾಕತ್ತಿ?” ಗಂಡ ಪಿಸುಗುಟ್ಟಿದರು. “ದೀಪ ಹಚ್ಚೂ ಹೊತ್ತಿನ್ಯಾಗ ಬಾಗಲಾ ಹಾಕತಾರೇನು?”

“ಸುಮ್ನಿರ್ರಿ. ಕಂತು ಕಟ್ಟಾಕಿ ನಾನು.”

ಅವರ ಮುಖ ಸಣ್ಣದಾಯಿತು. ಕಾಕಾ ಕುರ್ಚಿಯಿಂದ ಏಳಲಿಲ್ಲ.

ತಳ್ಳಿದೆ. ಬಾಗಿಲು ಎಲ್ಲಿಯೂ ತಾಗದೆ ಹೋಗಿ ಚೌಕಟ್ಟಿನಲ್ಲಿ ಕೂತಿತು. ಚಿಲಕ ಒಂದೇ ಬೆರಳಿಗೆ ಬಿತ್ತು. ಒಳಗೆ ಹೋಗಿ ಅಡುಗೆಕೋಣೆಯದನ್ನೂ ಹಾಕಿ ನೋಡಿದೆ, ಅದೂ ಹಾಗೆಯೇ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಬಾಗಿಲು ಸಿಕ್ಕಿಕೊಳ್ಳಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದೆ ಎಂಬುದು ನನಗೆ ಆಗ ಗೊತ್ತಾಯಿತು. ಸಿಕ್ಕಿಕೊಂಡಿದ್ದರೆ ಮನೆ ಬೇಡವೆಂದು ಹೇಳಿ ಹೋಗಬಹುದಿತ್ತು, ನನ್ನನ್ನು ಯಾರೂ ಪುಕ್ಕಲಿ ಎನ್ನುತ್ತಿರಲಿಲ್ಲ. ಕಾಕಾ ಹೇಳಿದ್ದು ಸುಳ್ಳಾಗಿರಲಿಲ್ಲ. ಇನ್ನು ತಪ್ಪನ್ನು ಗೋಡೆಯ ಮೇಲೆ ಹಾಕಲು ಬಾರದು. ಹೆದರಿಕೆ ಪೂರಾ ನನ್ನದೇ ಆಗಿತ್ತು.

ಮುಂಬಾಗಿಲು ಇನ್ನೂ ಹಾಕಿಯೇ ಇತ್ತು. ಗಂಡ ಅದರ ಹತ್ತಿರ ನಿಂತಿದ್ದರು. ಅವರೇ ತೆಗೆಯಬಹುದಿತ್ತು, ತೆಗೆದಿರಲಿಲ್ಲ.

“ಇನ್ನರ ತಗಿ,” ಎಂದರು ಮೆಲ್ಲಗೆ. “ನಮ್ಮ ಮನಿಗಿ ಬರೂ ಲಕ್ಷ್ಮಿ ಹೊರಗ ನಿಂತಾಳ.”

ಬಾಗಿಲ ಹತ್ತಿರ ಹೋದೆ. ಚಿಲಕ ತೆಗೆದೆ.