ತಿರುವಿನಲ್ಲಿ ಬರುತ್ತಿದ್ದ ಸಪ್ಪಳ

ಮನೆಯ ಫೋನಿಗೆ ಇನ್ನೂ ವೈರು ಇದ್ದ ಕಾಲ ಅದು. ಅವ್ವನ ತಮ್ಮ ಚಂದ್ರಮಾವ ಹರಪನಹಳ್ಳಿಯಿಂದ ಕೊಟ್ಟೂರಿಗೆ, ನಮ್ಮ ಮನೆಗೆ ಬಂದರೆ, ವಾಪಸ್ ಹೋಗುವಾಗ ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋಗುತ್ತಿದ್ದ. ಅಪ್ಪ ಕಾರಿನ ಕೀ ಹಿಡಿದು ನಿಂತಿದ್ದರೂ, "ಬ್ಯಾಡ ಭಾವ, ನಡದ್ರ ಊಟ ಕರಗ್ತೈತಿ" ಎನ್ನುತ್ತಿದ್ದ. ಜೊತೆಗೆ ನಾನು. ಅರ್ಧ ದಾರಿಯಲ್ಲಿ ನಿಂತು ಮಂಡಕ್ಕಿ, ಬಿಸಿ ಮಿರ್ಚಿ ಕೊಡಿಸುತ್ತಿದ್ದ. ಎಣ್ಣೆ ಇಳಿದು ಪೊಟ್ಟಣದ ಪೇಪರಿನಲ್ಲಿ ಆಚೆ ಬದಿಯ ಅಕ್ಷರಗಳು ಈಚೆಗೆ ಕಾಣುತ್ತಿದ್ದವು. ಬಾಲ್ಯದಲ್ಲಿ ಯಾವುದು ಚೆನ್ನಾಗಿತ್ತು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತಿದ್ದೆ. ಹೋದ ವರ್ಷದಿಂದ ಹೇಳುವುದನ್ನು ಬಿಟ್ಟಿದ್ದೇನೆ. ಯಾಕೆ ಎಂದು ಹೇಳಲು ಕಾರಿನ ಕಥೆಯಿಂದ ಶುರುಮಾಡಬೇಕು.

ಕಾರು ಮೊದಲು ಮಾವನದೇ ಆಗಿತ್ತು. ಅವನಿಂದ ಕೊಂಡು ಅಪ್ಪ ಅದನ್ನು ಆಯುಧಪೂಜೆಯ ದಿನ ಮನೆಗೆ ತಂದ. ನಾನಾಗ ಐದನೆಯ ತರಗತಿ. ಗಾಲಿಗಳಡಿ ನಿಂಬೆಹಣ್ಣು ಸಿಡಿದ ವಾಸನೆ, ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆ. ಅಪ್ಪನ ತಾಯಿ, ನಮ್ಮಜ್ಜಿ, ಎಲ್ಲರಿಗಿಂತ ಮೊದಲು ಹಿಂದಿನ ಸೀಟಿಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕೂತಿದ್ದಳು. ಕಾರು ಅವಳಿಗೆ ಅಷ್ಟು ಹಿಡಿಸಿತು ಎಂದುಕೊಂಡೆವು.

ಹೋಳಿ ಕಳೆದು ಬಿಸಿಲು ಏರಿದ ಮೇಲೆ ಸಪ್ಪಳ ಶುರುವಾಯಿತು. ಎಡಕ್ಕೆ ತಿರುಗಿದರೆ ಒಂದು ಸಲ, ಬಲಕ್ಕೆ ತಿರುಗಿದರೆ ಒಂದು ಸಲ. ನೇರ ದಾರಿಯಲ್ಲಿ ಇಲ್ಲ. ಅದು 'ಕಟಕ್' ಎಂದು ನಾನು ಬರೆದರೆ ತಂಗಿ 'ಟೊಳಕ್' ಎನ್ನುತ್ತಾಳೆ. ಅವಳಿಗೆ ಆಗ ಮೂರು ವರ್ಷ. ಅವಳದು ನೆನಪಲ್ಲ, ನನ್ನಿಂದ ಕೇಳಿದ್ದು. ಆದರೂ ಅವಳ ಟೊಳಕ್ ನನ್ನ ಕಟಕ್‌ಗಿಂತ ನಿಜಕ್ಕೆ ಹತ್ತಿರವಿದೆ.

ಕುಡ್ಲಿಗಿ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಮಾಬುಸಾಬರ ಗ್ಯಾರೇಜು. ಅವರು ಗಾಲಿಯ ಹತ್ತಿರದ ಹಳೆಯ ಬುಶ್ ತೆಗೆದು ಹೊಸದು ಹಾಕಿದರು. ಸೈಲೆನ್ಸರ್ ಬಿಗಿಮಾಡಿದರು. ಸಪ್ಪಳ ಹೋಗಲಿಲ್ಲ. ಅಪ್ಪ ಹರಪನಹಳ್ಳಿಗೆ ಫೋನು ಹಚ್ಚಿದ.

"ಚಂದ್ರು, ಗೊತ್ತಿದ್ದೂ ನಮಗ ದಾಟಿಸಿಬಿಟ್ಟಿ ನೋಡು."

ಮಾವ ಏನೆಂದನೋ ನಮಗೆ ಕೇಳಿಸಲಿಲ್ಲ. ಫೋನಿಟ್ಟು ಅಪ್ಪ ಅವ್ವನ ಕಡೆ ತಿರುಗಿದ.

"ಕಾರು ವಾಪಸ್ ತಂದು ಬಿಟ್ಟು ಬಸ್ ಹತ್ರಿ ಅಂತಾನ ನಿನ್ನ ತಮ್ಮ."

"ಅವ್ನು ಸುಳ್ಳು ಹೇಳೋ ಪೈಕಿ ಅಲ್ಲ," ಎಂದಳು ಅವ್ವ.

"ಹಂಗಾರ ಸಪ್ಳ ನಾ ಮಾಡ್ತೀನನು?"

"ಮೊದ್ಲು ಹುಡುಕ್ರಿ. ಆಮ್ಯಾಲೆ ಮಾತಾಡ್ರಿ."

"ಅದು ಸಿಗೋತನ ಹರಪನಹಳ್ಳಿ ಸುದ್ದಿ ಈ ಮನ್ಯಾಗ ಎತ್ತಬ್ಯಾಡ್ರಿ," ಎಂದು ಅಪ್ಪ ನಮ್ಮೆಲ್ಲರಿಗೂ ಹೇಳಿದ.

ನನ್ನ ಬೇಸಿಗೆ ರಜೆ ಎಂದರೆ ಹರಪನಹಳ್ಳಿ. ಮಾವನ ಮನೆಯ ಅಟ್ಟ, ಅತ್ತೆ ಒಣಹಾಕಿದ ಶಂಡಿಗೆ ಕಾಯುವ ನೆಪದಲ್ಲಿ ಹಸಿಹಸಿಯಾಗಿ ತಿನ್ನುವುದು. ಶಾಲೆ ಮುಗಿಯಲು ಎರಡು ವಾರ ಉಳಿದಿತ್ತು. ಅವ್ವ ಅಪ್ಪನಿಗೆ ತಟ್ಟೆ ಇಟ್ಟು, ಮಾತಾಡದೆ ಒಳಗೆ ಹೋಗುತ್ತಿದ್ದಳು. ನಾನು ಕಾರಿನಲ್ಲಿ ಕಿವಿಯಾಗಿ ಕೂರತೊಡಗಿದೆ.

ಒಂದು ಭಾನುವಾರ ಮಾಬುಸಾಬರು ತಾವೇ ಸ್ಟೀರಿಂಗ್ ಹಿಡಿದು, ಅಪ್ಪನನ್ನು ಪಕ್ಕದಲ್ಲಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ರಸ್ತೆಯ ಪಕ್ಕದ ಬಯಲಿನಲ್ಲಿ ಎಂಟಿನ ಆಕಾರದಲ್ಲಿ ಸುತ್ತಿದರು. ಧೂಳು, ಪೆಟ್ರೋಲು, ಬಿಸಿಯಾದ ರೆಕ್ಸಿನ್ನಿನ ವಾಸನೆ.

"ಗಾಡಿ ಸಪ್ಳ ಅಲ್ರಿ ಇದು," ಎಂದರು. "ಗಾಡೀದು ಗಾಲಿ ಕೂಡ ಹೊಂದಿಕೆಂಡು ಬರ್ತೈತಿ. ಇದು ತಡದು ಬರ್ತೈತಿ. ಸಣ್ಣಾಕಿ, ಹಿಂದೋ ಮುಂದೋ ಹೇಳವಾ."

ನಾನು ಸೀಟಿಗೆ ಕಿವಿ ಹಚ್ಚಿ ಮಲಗಿದೆ. "ಕೆಳಗ," ಎಂದೆ.

ಹೀಗೆ ನಾನೇ ಕಂಡುಹಿಡಿದೆ ಎಂದು ಹೇಳಿಕೊಂಡು ಬಂದಿದ್ದೇನೆ. ಅವರಿಗೂ ಅಷ್ಟು ಹೊತ್ತಿಗೆ ಗೊತ್ತಾಗಿದ್ದಿರಬಹುದು. ಗಾಡಿ ನಿಲ್ಲಿಸಿ, ಹಿಂದಿನ ಸೀಟನ್ನು ಕಿತ್ತೆತ್ತಿದರು. ಕೆಳಗೆ ಹಳದಿ ಬಟ್ಟೆಯ ಗಂಟು, ಸುತ್ತಲೂ ಉದುರಿದ ಭಂಡಾರದ ಅರಿಸಿನ ಪುಡಿ. ಬಿಚ್ಚಿದರೆ ಒಂದು ತೆಂಗಿನಕಾಯಿ. ಮಾಬುಸಾಬರು ಅದನ್ನು ಅಪ್ಪನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅದೇ ಸಪ್ಪಳ.

"ಬಿಸಲಿಗೆ ಒಣಗಿ ಗಿಟಕಾಗೈತ್ರಿ. ಕೊಬ್ರಿ ಚಿಪ್ಪು ಬಿಟ್ಟು ಒಳಗ ಆಡಾಕ ಹತ್ತೈತಿ. ಇದನ್ನ ಬಿಗಿಯಾಕ ನನ್ನ ಹತ್ರ ಪಾನಾ ಇಲ್ಲ."

ಅಪ್ಪ ನಗಲಿಲ್ಲ. "ಸಾಬ್ರ, ಇದು ಇಲ್ಲಿಗೇ ಇರ್ಲಿ."

"ನಂಗೇನ್ರಿ. ಬುಶ್ ಹಾಕೀನಿ. ಯಾರು ಕೇಳಿದ್ರೂ ಬುಶ್ ಹಾಕೀನಿ ಅಂತೀನಿ."

ಮನೆಯಲ್ಲಿ ಅಜ್ಜಿ ಕಾಯಿಯನ್ನು ಅಪ್ಪನ ಕೈಯಿಂದ ಕಸಿದುಕೊಂಡಳು.

"ಮೈಲಾರಪ್ಪಗ ಬೇಡಿಕೆಂಡು ಇಟ್ಟಿದ್ದೆ. ಕಾರು ಬಂದ ವಾರದಾಗ ಮೈಲಾರಕ್ಕ ಒಯ್ತೀನಂದಿ. ಒಯ್ದೀಯನು?"

"ಇಟ್ಟೀನಂತ ಒಂದು ಮಾತು ಹೇಳಬಾರದನಬೇ?"

"ಹರಕಿ ಕಾಯಿ ಇಟ್ಟೀನಂತ ಡಂಗುರ ಹೊಡಸ್ತಾರನು?"

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

ಮುಂದಿನ ಭಾನುವಾರ ಎಲ್ಲರೂ ಹೊರಟೆವು. ಮೊದಲು ಹರಪನಹಳ್ಳಿ, ಊಟವಾದ ಮೇಲೆ ಮೈಲಾರ. ರಜೆಗೆ ನನ್ನನ್ನು ಮಾವನ ಮನೆಯಲ್ಲಿ ಬಿಡುವುದೆಂದು ಅಪ್ಪ ಅಂದಿದ್ದ. ನನ್ನ ಬಟ್ಟೆಯ ಚೀಲ ಕಾಲ ಬಳಿ ಇತ್ತು. ಹರಪನಹಳ್ಳಿಯಲ್ಲಿ ಅಜ್ಜಿ ಕಾಯಿಯ ಗಂಟು ಹಿಡಿದು ಇಳಿದಳು. ಮಾವ ನಮ್ಮನ್ನು ಬರ್ರಿ ಎನ್ನುವ ಮೊದಲೇ ಕೀ ಕೇಳಿದ. ಅವನು ಓಡಿಸಿದ, ಅಪ್ಪ ಪಕ್ಕದಲ್ಲಿ, ನಾನು ಹಿಂದೆ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ.

"ಈಗ ಸಪ್ಳ ಇಲ್ಲಲ್ಲ ಭಾವ."

"ಇಲ್ಲ."

"ಏನಾಗಿತ್ತು?"

ಅಪ್ಪ ಕಿಟಕಿಯಿಂದ ಹೊರಗೆ ನೋಡಿದ. "ಬುಶ್ ಹೋಗಿತ್ತು. ಹಾಕ್ಸಿದೆ."

ಬುಶ್ ಹಾಕಿಸಿದ್ದು ಸುಳ್ಳಲ್ಲ.

ಮಾವ ಗಾಡಿಯನ್ನು ಬದಿಗೆ ನಿಲ್ಲಿಸಿದ. "ನಂಗ ಖರೇನ ಗೊತ್ತಿರ್ಲಿಲ್ಲ ಭಾವ. ಸಿಟ್ಟಿನ್ಯಾಗ ಫೋನಿನ್ಯಾಗ ಏನೇನೋ ಅಂದೆ. ತಪ್ಪಾತು."

"ಇರ್ಲಿ ಬಿಡು," ಎಂದು ಅಪ್ಪ ಕ್ಷಮಿಸಿದ.

ಆಗ ಮಾವ ಕನ್ನಡಿಯಲ್ಲಿ ನನ್ನ ಮುಖ ನೋಡಿದ ಎಂದು ಬರೆಯುವ ಆಸೆಯಾಗುತ್ತದೆ. ನೋಡಲಿಲ್ಲ. ನಾನು ಬಟ್ಟೆಯ ಚೀಲದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಬಾಯಿಬಿಟ್ಟಿದ್ದರೆ ಆ ಚೀಲ ಕೊಟ್ಟೂರಿಗೆ ವಾಪಸ್ ಹೋಗುತ್ತಿತ್ತು.

ಅವತ್ತು ಅತ್ತೆ ಹೋಳಿಗೆ ಮಾಡಿದ್ದಳು. ನಾನು ನಾಲ್ಕು ತಿಂದೆ. ರಜೆಯೆಲ್ಲ ಅಲ್ಲೇ ಕಳೆದೆ. ಆಮೇಲೆ ಮಾವ ಮೊದಲಿನಂತೆ ಹಬ್ಬಕ್ಕೆ, ಸಂತೆಗೆ ನಮ್ಮ ಮನೆಗೆ ಬಂದುಹೋಗುತ್ತಿದ್ದ. ನಮ್ಮ ನಡಿಗೆ, ಮಿರ್ಚಿ ಎಲ್ಲ ಆ ಬೇಸಿಗೆಯ ನಂತರದವು. ಅದಕ್ಕಿಂತ ಹಿಂದಿನದು ಒಂದೂ ಇಲ್ಲ. ಇದು ನನ್ನ ಲಕ್ಷ್ಯಕ್ಕೆ ಬಂದದ್ದು ಈಗ.

ಹೋದ ವರ್ಷ ತಂಗಿಯ ಮಗನ ಹೆಸರಿಡುವ ದಿನ ಮಾವ ಕೊಟ್ಟೂರಿನ ಮನೆಗೆ ಬಂದಿದ್ದ. ಹೊರಟಾಗ, "ನಡಕೋತ ಹೋಗೂಣನು?" ಎಂದೆ.

"ಮೊಣಕಾಲು ಒಲ್ಲೆ ಅಂತಾವವಾ. ಕಾರು ತಗಿ."

ನನ್ನ ಕಾರು ಹೊಸದು. ಬಾಗಿಲು ಸರಿಯಾಗಿ ಹಾಕದಿದ್ದರೂ ತಾನೇ ಹೇಳುತ್ತದೆ. ಮಾವ ಹತ್ತಿ ಕೂತ. ಮನೆ ಹಿಂದಾದ ಮೇಲೆ ಹೇಳಿದೆ.

"ಮಾವ, ಅವತ್ತು ಬುಶ್ ಅಲ್ಲ. ಅಜ್ಜಿ ಇಟ್ಟಿದ್ದ ಕಾಯಿ."

"ಗೊತ್ತೈತಿ ಬಿಡ. ಅವತ್ತ ಊಟಾದ ಮ್ಯಾಲೆ ಅಡಗಿಮನ್ಯಾಗ ನಿಮ್ಮವ್ವ ಹೇಳಿದ್ಲು."

"ಮತ್ತ ಅಪ್ಪನ್ನ ಕೇಳ್ಳಿಲ್ಲ?"

"ಕೇಳಿದ್ರ ಯಾರು ಹೇಳಿದ್ರು ಅಂತ ಬರ್ತಿತ್ತು. ಅಕ್ಕಗ ತ್ರಾಸ ಆಗ್ತಿತ್ತು." ಮೊಣಕಾಲು ಉಜ್ಜಿಕೊಳ್ಳುತ್ತ ಮತ್ತೆ ಹೇಳಿದ. "ಪ್ರತಿ ಸರ್ತಿ ನಿಮ್ಮಪ್ಪ ಕಾರಿನ್ಯಾಗ ಬಿಡ್ತೀನಿ ಬಾ ಅಂತಿದ್ರು. ಕಾಯಿ ಮಾತು ಅವರ ಬಾಯಾಗಿಂದ ಬರ್ಲಿ, ಆಮ್ಯಾಲೆ ಹತ್ತೂಣು ಅಂತ ನಡಕೋತ ಹೋಗ್ತಿದ್ದೆ."

ಅಪ್ಪ ತೀರಿಕೊಂಡು ಆರು ವರ್ಷವಾಯಿತು.

ಹಾಗಾದರೆ ನೀನು ನನಗೆ ಮಿರ್ಚಿ ಯಾಕೆ ಕೊಡಿಸುತ್ತಿದ್ದೆ ಎಂದು ಕೇಳಬೇಕೆನಿಸಿತು. ಆ ಅಂಗಡಿ ಇದ್ದ ಜಾಗ ಕಿಟಕಿಯಲ್ಲಿ ಹಾದುಹೋಯಿತು. ನಡೆದರೆ ಇಪ್ಪತ್ತು ನಿಮಿಷದ ದಾರಿ, ನಾಲ್ಕೇ ನಿಮಿಷಕ್ಕೆ ಮುಗಿಯಿತು. ನಡುವೆ ಎರಡು ತಿರುವು. ಎರಡರಲ್ಲೂ ಮಾವ ತಲೆಯನ್ನು ತುಸು ಹಿಂದಕ್ಕೆ ವಾಲಿಸಿದ, ಕೇಳಿಸಿಕೊಳ್ಳುವವನ ಹಾಗೆ. ಏನೂ ಸಪ್ಪಳ ಬರಲಿಲ್ಲ.