ಬೇಸ್ಮೆಂಟಿನ ದೀಪಗಳು

ಗೆಳೆಯರೇ, ಇವತ್ತು ಮಧ್ಯಾಹ್ನ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಜೊತೆ ಜಗಳವಾಡಿದೆ.

ನಮ್ಮ ಖಾಲಿದಿಯಾ ಬಡಾವಣೆಯ ಬಿಸಿಲಿನಿಂದ ಬೇಸ್ಮೆಂಟ್ ಪಾರ್ಕಿಂಗಿಗೆ ಇಳಿದರೆ ನನಗೆ ಕಗ್ಗತ್ತಲು. ಅಪ್ಪನಿಂದ ಬಂದ ಕಣ್ಣಿನ ಕಾಯಿಲೆ. ಮಬ್ಬು ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಕತ್ತಲೆಯ ಬಗ್ಗೆ ನಾನು ಯಾರ ಹತ್ತಿರವೂ ದೂರುವುದಿಲ್ಲ. ಆದರೆ ಇವತ್ತು ಎಂಟು ವರ್ಷದ ಮಗಳೇ ನನ್ನ ಕೈ ಹಿಡಿದು ನಿಂತುಬಿಟ್ಟಳು.

"ಅಮ್ಮಾ, ಲೈಟ್ಸ್ ಆಫ್ ಆಗಿದೆ. ಐ ಕಾಂಟ್ ಸೀ."

ಸಾಕ್ಷಿ ಸಿಕ್ಕಿತಲ್ಲ! ವಾಚ್‌ಮನ್‌ನನ್ನು ಕೂಗಿ ಕರೆದೆ. ದೀಪ ಯಾಕೆ ಹಾಕಿಲ್ಲ ಎಂದು ಚೆನ್ನಾಗಿ ದಬಾಯಿಸಿದೆ.

ಅವನ ದನಿ ತೀರಾ ಹತ್ತಿರದಿಂದ ಬಂತು. "ಮೇಡಂ, ಸಬ್ ಲೈಟ್ ಚಾಲೂ ಹೈ." ಎಲ್ಲ ದೀಪಗಳೂ ಉರಿಯುತ್ತಿವೆಯಂತೆ.

ಮಗಳ ಹಿಡಿತ ಬಿಗಿಯಾಯಿತು.

ಕತ್ತಲೆಯ ಕಡೆಗೆ ಮುಖ ಮಾಡಿ ಕ್ಷಮೆ ಕೇಳಿದೆ. ನಾನು ನೆಚ್ಚಿಕೊಂಡಿದ್ದ ಸಾಕ್ಷಿಯೂ ನನ್ನ ಹಾಗೇ ನನ್ನಪ್ಪನ ಕಡೆಯವಳೇ.